ಮಗು ಕಾಣೆಯಾದಾಗ ಮನೆಯನ್ನು ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಿಮ್ಮ ಮನೆಯ ಮಗು ಈ ಗಳಿಗೆಯಲ್ಲಿ ಕಾಣುತ್ತಿಲ್ಲವಾದರೆ ಇದನ್ನು ಓದುತ್ತ ಕೂರಬೇಡಿ. ಪೊಲೀಸರಿಗೆ ಫೋನ್ ಮಾಡಿ. ಇಷ್ಟು ಗಂಟೆ ಕಾಯಬೇಕು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಬ್ಬರು ಫೋನಿನಲ್ಲಿರುವಾಗಲೇ ಇನ್ನೊಬ್ಬರು ನೀರಿರುವ ಜಾಗಗಳಿಗೆ ಓಡಲಿ: ಬಾವಿ, ತೊಟ್ಟಿ, ಕೊಳ, ತುಂಬಿಟ್ಟ ಬಕೆಟ್ ಕೂಡ. ಆಮೇಲೆ ಗಾಳಿಯಾಡದ ಜಾಗಗಳು: ಕಾರಿನ ಒಳಗೆ, ಡಿಕ್ಕಿ, ಮುಚ್ಚಳದ ಪೆಟ್ಟಿಗೆ, ಫ್ರಿಜ್, ಬಟ್ಟೆ ಒಗೆಯುವ ಯಂತ್ರ. ಉಳಿದದ್ದೆಲ್ಲ ಇದಾದ ಮೇಲೆ.

ಮಗು ಕಾಣೆಯಾದದ್ದು ಹೊರಗೆ. ಪೊಲೀಸರು ಮನೆಯನ್ನೇ ಯಾಕೆ ಜಾಲಾಡುತ್ತಾರೆ?

ಕಾರಣ ಎರಡು. ಚಿಕ್ಕ ಮಕ್ಕಳು ಎಲ್ಲೋ ಹೋಗಿದ್ದಾರೆಂದು ಊರೆಲ್ಲ ಹುಡುಕುವಾಗ ಮನೆಯೊಳಗೇ ಮಲಗಿಯೋ ಅವಿತೋ ಸಿಕ್ಕಿಕೊಂಡೋ ಇರುವುದುಂಟು. ಆದ್ದರಿಂದ ಕೊನೆಯದಾಗಿ ಕಂಡದ್ದು ಬೇರೆ ಕಡೆ ಎಂದು ದೂರಿನಲ್ಲಿದ್ದರೂ ಮನೆಯನ್ನು ಮೊದಲು ಪೂರ್ತಿ ನೋಡಬೇಕೆಂಬುದು ಈ ಕೆಲಸದ ಮೊದಲ ಪಾಠ. ಎರಡನೆಯದು, ಮಗು ಹೊರಗೆ ಹೋಗಿದ್ದರೂ, ಯಾರಾದರೂ ಕರೆದೊಯ್ದಿದ್ದರೂ, ಮಗು ಬಿಟ್ಟು ಹೋದದ್ದು ಈ ಮನೆಯನ್ನೇ. ಯಾವ ಬಾಗಿಲು, ಎಷ್ಟು ಹೊತ್ತಿಗೆ, ಚಪ್ಪಲಿ ಹಾಕಿಕೊಂಡಿತ್ತೋ ಇಲ್ಲವೋ, ನೆಚ್ಚಿನ ಗೊಂಬೆ ಹಾಸಿಗೆಯಲ್ಲಿದೆಯೋ ಇಲ್ಲವೋ: ಹುಡುಕಾಟ ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಇವು ಹೇಳುತ್ತವೆ.

ಮನೆ ತಪಾಸಣೆ ಎಂದರೆ ನಿಮ್ಮ ಮೇಲೆ ಅನುಮಾನ ಬಂದಿದೆ ಎಂದಲ್ಲ. ಮಗು ಸಿಗದೆ ಕಂಗಾಲಾಗಿರುವ ತಾಯಿ ತಂದೆಗೆ ಈ ಒಂದು ಮಾತನ್ನು ಅಧಿಕಾರಿಗಳು ಮೊದಲೇ ಹೇಳಿಬಿಟ್ಟರೆ ಎಷ್ಟೋ ಮನಸ್ತಾಪ ತಪ್ಪುತ್ತದೆ. ಹೇಳುವುದಿಲ್ಲ, ಅದೇ ಬೇಸರ.

ನಾವಾಗಲೇ ಎಲ್ಲ ಕಡೆ ನೋಡಿದ್ದೇವೆ. ಮತ್ತೆ ನೋಡಿ ಏನು ಪ್ರಯೋಜನ?

ನೀವು ನೋಡಿದ್ದು ಮಗು ಸಾಮಾನ್ಯವಾಗಿ ಇರುವ ಜಾಗಗಳನ್ನು. ದಿನವೂ ಕಾಣುವ ಮನೆಯಲ್ಲಿ ಕಣ್ಣು ಎಷ್ಟೋ ಜಾಗಗಳನ್ನು ದಾಟಿಕೊಂಡೇ ಹೋಗುತ್ತದೆ. ಒಗೆಯಲು ಹಾಕಿದ ಬಟ್ಟೆಯ ರಾಶಿಯ ಕೆಳಗೆ, ಮಂಚದ ಪೆಟ್ಟಿಗೆಯೊಳಗೆ, ಸೋಫಾದ ಹಿಂಬದಿಯ ಸಂದಿಯಲ್ಲಿ, ಸುತ್ತಿಟ್ಟ ಹಾಸಿಗೆಯ ಒಳಗೆ ಯಾರು ನೋಡಿರುತ್ತಾರೆ? ಮಂಡಿಯೂರಿ, ಮಗುವಿನ ಕಣ್ಣಿನ ಎತ್ತರಕ್ಕೆ ತಗ್ಗಿ ಒಂದೊಂದು ಕೋಣೆ ನೋಡಿ. ನಿಂತು ನೋಡಿದಾಗ ಇಲ್ಲದ ಗುಹೆಗಳು ಆಗ ಕಾಣಿಸುತ್ತವೆ.

ಮುಚ್ಚಳವಿರುವ ಪೆಟ್ಟಿಗೆಗಳನ್ನಂತೂ ಬಿಡಲೇಬಾರದು. ಹಳೆಯ ಕಾಲದ ಫ್ರಿಜ್‌ಗಳ ಬಾಗಿಲು ಕೊಂಡಿ ಬಿದ್ದರೆ ಒಳಗಿನಿಂದ ತೆರೆಯುತ್ತಿರಲಿಲ್ಲ. ಮಕ್ಕಳು ಒಳಗೆ ಸಿಕ್ಕಿ ಉಸಿರುಗಟ್ಟಿ ಸತ್ತ ಮೇಲೆ, 1956ರಲ್ಲಿ ಅಮೆರಿಕ ಒಳಗಿನಿಂದ ತಳ್ಳಿದರೆ ತೆರೆಯುವ ಬಾಗಿಲೇ ಇರಬೇಕೆಂದು ಕಾನೂನು ಮಾಡಿತು. ಅಲ್ಲಿಯೇ 1912ರಿಂದ 1987ರವರೆಗೆ ತಯಾರಾದ ಒಂದು ಬಗೆಯ ದೇವದಾರು ಪೆಟ್ಟಿಗೆಗಳನ್ನು 1996ರಲ್ಲಿ ಹಿಂದಕ್ಕೆ ಕರೆಯಲಾಯಿತು. ಸುಮಾರು 1 ಕೋಟಿ 20 ಲಕ್ಷ ಪೆಟ್ಟಿಗೆಗಳು. ಮುಚ್ಚಳ ಬಿದ್ದ ಕೂಡಲೇ ಬೀಗ ತಾನಾಗಿ ಹತ್ತಿಕೊಳ್ಳುತ್ತಿತ್ತು, ಒಳಗಿನಿಂದ ತೆರೆಯಲು ದಾರಿ ಇರಲಿಲ್ಲ. ಅಂಥ ಹಳೆಯ ಸಾಮಾನುಗಳು ಇಂದಿಗೂ ಮನೆಗಳಲ್ಲಿವೆ.

ಇನ್ನೊಂದು ಘಟನೆ ಹೇಳಲೇಬೇಕು. 1996ರ ಡಿಸೆಂಬರ್ 26ರ ಬೆಳಗಿನ ಜಾವ ಅಮೆರಿಕದ ಬೌಲ್ಡರ್ ನಗರದ ಮನೆಯೊಂದರಿಂದ ಪೊಲೀಸರಿಗೆ ಕರೆ ಬಂತು. ಆರು ವರ್ಷದ ಹುಡುಗಿ ಕಾಣೆ, ಹಣ ಕೇಳುವ ಪತ್ರ ಸಿಕ್ಕಿದೆ. ಮೊದಲು ಬಂದ ಅಧಿಕಾರಿ ನೆಲಮಾಳಿಗೆಗೂ ಇಳಿದು ನೋಡಿದರು. ಅಲ್ಲೊಂದು ಬಾಗಿಲಿಗೆ ಈಚೆಯಿಂದ ಮರದ ಚಿಲಕ ಹಾಕಿತ್ತು. ಅವರು ಹುಡುಕುತ್ತಿದ್ದದ್ದು ಅಪಹರಣಕಾರ ಹೊರಗೆ ಹೋದ ದಾರಿಯನ್ನು. ಈಚೆಯಿಂದ ಚಿಲಕ ಹಾಕಿರುವ ಬಾಗಿಲಿನಿಂದ ಆಚೆಗೆ ಯಾರೂ ಹೋಗಿರಲಾರರು ಎಂದು ಅದನ್ನು ತೆರೆಯದೆ ವಾಪಸಾದರು. ಸುಮಾರು ಏಳು ಗಂಟೆಗಳ ನಂತರ ಮಗುವಿನ ಶವ ತಂದೆಯ ಕಣ್ಣಿಗೆ ಬಿದ್ದದ್ದು ಅದೇ ಬಾಗಿಲಿನ ಹಿಂದೆ. ಆ ಅಧಿಕಾರಿಯ ತರ್ಕದಲ್ಲಿ ದೋಷವಿಲ್ಲ. ಕೇಳಿಕೊಂಡ ಪ್ರಶ್ನೆ ತಪ್ಪಿತ್ತು, ಅಷ್ಟೇ. ‘ಇಲ್ಲಿಂದ ಹೋಗಿರಬಹುದೇ?’ ಎಂಬುದು ಒಂದು ಪ್ರಶ್ನೆ, ‘ಇಲ್ಲಿ ಇರಬಹುದೇ?’ ಎಂಬುದು ಇನ್ನೊಂದು. ಎರಡನ್ನೂ ಪ್ರತಿಯೊಂದು ಬಾಗಿಲಿಗೂ ಕೇಳಬೇಕು, ಮೊದಲು ಎರಡನೆಯದನ್ನು.

ಕೂಗಿ ಕರೆದರೂ ಓಗೊಡದ ಮಗು ಮನೆಯಲ್ಲಿಲ್ಲ ಎಂದೇ ಅರ್ಥವಲ್ಲವೇ?

ಅಲ್ಲ. ಒಂದರಿಂದ ಆರು ವರ್ಷದವರೆಗಿನ ಮಕ್ಕಳು ಹುಡುಕುವವರ ಕೂಗಿಗೆ ಉತ್ತರಿಸದೆ ಇರುವುದು ಸಾಮಾನ್ಯ. ಗಾಢ ನಿದ್ದೆಯಲ್ಲಿರಬಹುದು. ಬೈಸಿಕೊಳ್ಳುವ ಹೆದರಿಕೆಯಿರಬಹುದು. ಗುರುತಿಲ್ಲದವರ ಜೊತೆ ಮಾತಾಡಬೇಡ ಎಂದು ನಾವೇ ಹೇಳಿಕೊಟ್ಟಿರುತ್ತೇವಲ್ಲ, ಸಮವಸ್ತ್ರದವರ ಬೂಟಿನ ಸದ್ದು ಕೇಳಿ ಇನ್ನಷ್ಟು ಒಳಕ್ಕೆ ಸರಿಯಬಹುದು. ಗದ್ದಲ ನಿಲ್ಲಿಸಿ, ಮಗುವಿಗೆ ಪರಿಚಿತವಾದ ಒಂದೇ ದನಿ ಮೆಲ್ಲಗೆ ಕರೆಯಲಿ. ಕರೆದ ಮೇಲೆ ಒಂದು ನಿಮಿಷ ಎಲ್ಲರೂ ಸುಮ್ಮನಿದ್ದು ಕಿವಿಗೊಡಿ.

ಆಟಿಸಂ ಇರುವ ಮಗುವಾದರೆ ಲೆಕ್ಕ ಬೇರೆ. ಅಂಥ ಮಕ್ಕಳಲ್ಲಿ ಹಲವರಿಗೆ ನೀರಿನ ಸೆಳೆತ ಬಹಳ. ಮನೆಯ ನಕ್ಷೆಯ ಮೇಲೆ ಮೊದಲು ಗುರುತಿಸಬೇಕಾದದ್ದು ಹತ್ತಿರದ ನೀರಿನ ಕಡೆಗೆ ಹೋಗುವ ಬಾಗಿಲನ್ನು.

ಮಗು ಎಷ್ಟು ಚಿಕ್ಕ ಸಂದಿಯಲ್ಲಿ ನುಸುಳಬಲ್ಲದು?

ನೀವು ಊಹಿಸುವುದಕ್ಕಿಂತ ಚಿಕ್ಕದರಲ್ಲಿ. ಅಮೆರಿಕದ ಕಟ್ಟಡ ನಿಯಮದ ಪ್ರಕಾರ ಬಾಲ್ಕನಿಯ ಕಟಾಂಜನದ ಸರಳುಗಳ ನಡುವೆ 4 ಇಂಚು ವ್ಯಾಸದ ಗೋಳ ತೂರಬಾರದು. ಬ್ರಿಟನ್ನಿನಲ್ಲಿ ಈ ಮಿತಿ 100 ಮಿಲಿಮೀಟರ್. ಅಂದರೆ ಅದಕ್ಕಿಂತ ಅಗಲವಾದ ಸಂದಿ ಪುಟ್ಟ ಮಕ್ಕಳಿಗೆ ಅಪಾಯ ಎಂದು ಕಟ್ಟಡ ಕಟ್ಟುವವರು ಒಪ್ಪಿಕೊಂಡಿದ್ದಾರೆ. ಮೈ ತೂರಿ ತಲೆ ಸಿಕ್ಕಿಕೊಳ್ಳುವುದು ಎಲ್ಲಕ್ಕಿಂತ ಕೆಟ್ಟದ್ದು.

ತನಿಖೆಯಲ್ಲಿ ‘ಇದರಲ್ಲಿ ಹೇಗೆ ಹೋದೀತು’ ಎಂಬ ಮಾತಿಗೆ ಬೆಲೆಯಿಲ್ಲ. ಮಗುವಿನ ಎತ್ತರ, ತೂಕ, ತಲೆಯ ಅಗಲ ಗೊತ್ತಿದ್ದರೆ ಅಷ್ಟೇ ಅಳತೆಯ ಬೊಂಬೆಯನ್ನು ಬಳಸಿ ಪರೀಕ್ಷಿಸಬಹುದು. ಸಾಕುಪ್ರಾಣಿಗೆಂದು ಬಾಗಿಲಿನಲ್ಲಿ ಕೊರೆದ ಕಿಂಡಿ, ಗೇಟಿನ ಕೆಳಗಿನ ಜಾಗ, ಅರ್ಧ ಸರಿದ ಕಿಟಕಿ ಎಲ್ಲವನ್ನೂ. ಚಿಲಕದ ಎತ್ತರವನ್ನೂ ಅಳೆಯಬೇಕು. ನೆಲದಿಂದ ಚಿಲಕ ಎಷ್ಟು, ಮಗು ತುದಿಗಾಲಿನಲ್ಲಿ ನಿಂತು ಕೈ ಚಾಚಿದರೆ ಎಷ್ಟು, ಕುರ್ಚಿ ಹತ್ತಿದರೆ ಎಷ್ಟು. ಬಾಗಿಲ ಬಳಿಗೆ ಎಳೆದುಕೊಂಡು ಬಂದ ಒಂದು ಸ್ಟೂಲು ಇಡೀ ಪ್ರಕರಣದ ದಿಕ್ಕು ಬದಲಿಸಬಹುದು. ಅದನ್ನು ಯಾರೋ ಕಾಲಿಗೆ ಅಡ್ಡ ಎಂದು ಪಕ್ಕಕ್ಕೆ ಸರಿಸಿಬಿಟ್ಟರೆ ಆ ಸಾಕ್ಷಿ ಹೋಯಿತು.

ಸ್ಥಳದ ನಕ್ಷೆಯನ್ನು ಹೇಗೆ ಬರೆಯುತ್ತಾರೆ?

ಹುಡುಕಾಟ ಮುಗಿದು ಮಗು ಒಳಗಿಲ್ಲ ಎಂದು ಖಚಿತವಾದ ಮೇಲೆ ಈ ಕೆಲಸ. ಮೊದಲು ಏನನ್ನೂ ಮುಟ್ಟದೆ ಫೋಟೊ: ಕೋಣೆಯ ಮೂಲೆಮೂಲೆಯಿಂದ ಇಡೀ ನೋಟ, ಆಮೇಲೆ ಸ್ವಲ್ಪ ಹತ್ತಿರದಿಂದ, ಕೊನೆಗೆ ಅಳತೆಪಟ್ಟಿ ಇಟ್ಟು ತೀರ ಹತ್ತಿರದಿಂದ. ಆಮೇಲೆ ಕಚ್ಚಾ ನಕ್ಷೆ. ಕೋಣೆಯಲ್ಲಿ ಅಲುಗದ ಎರಡು ಬಿಂದು ಆರಿಸಿಕೊಂಡು, ಉದಾಹರಣೆಗೆ ಎರಡು ಮೂಲೆ, ಒಂದೊಂದು ವಸ್ತುವಿಗೂ ಆ ಎರಡರಿಂದ ಇರುವ ದೂರ ಬರೆದುಕೊಳ್ಳುತ್ತಾರೆ. ನಾಳೆ ಮಂಚ ಸರಿಸಿದರೂ ಅದು ಎಲ್ಲಿತ್ತೆಂದು ಮತ್ತೆ ಕೂರಿಸಬಹುದು. ಉತ್ತರ ದಿಕ್ಕು, ಅಳತೆಯ ಪ್ರಮಾಣ, ದಿನಾಂಕ, ಹೊತ್ತು, ಬರೆದವರ ಹೆಸರು ಇರಲೇಬೇಕು. ಗೋಡೆಯ ಮೇಲಿನ ಗುರುತುಗಳು ಮುಖ್ಯವಾದಾಗ, ರಟ್ಟಿನ ಡಬ್ಬ ಬಿಚ್ಚಿ ಹರಡಿದಂತೆ ನಾಲ್ಕು ಗೋಡೆಗಳನ್ನೂ ನೆಲದ ಸುತ್ತ ಮಲಗಿಸಿದಂತೆ ಚಿತ್ರ ಬರೆಯುತ್ತಾರೆ. ಈಗ ಲೇಸರ್ ಸ್ಕ್ಯಾನರ್ ಇದೆ. ಸೆಕೆಂಡಿಗೆ ಲಕ್ಷಗಟ್ಟಲೆ ಬಿಂದುಗಳನ್ನು ಅಳೆದು, ಮಿಲಿಮೀಟರ್ ಲೆಕ್ಕದಲ್ಲಿ ಇಡೀ ಮನೆಯನ್ನು ಕಂಪ್ಯೂಟರಿನಲ್ಲಿ ನಿಲ್ಲಿಸುತ್ತದೆ.

ಯಂತ್ರ ಎಷ್ಟೇ ಒಳ್ಳೆಯದಿರಲಿ, ದೀಪ ಉರಿಯುತ್ತಿತ್ತೇ, ಪರದೆ ಎಳೆದಿತ್ತೇ, ಬಾಗಿಲು ಎಷ್ಟು ತೆರೆದಿತ್ತು, ಬೀಗದ ಕೈ ಎಲ್ಲಿ ನೇತುಹಾಕುತ್ತಾರೆ, ಇವನ್ನು ಮನುಷ್ಯನೇ ಕೇಳಿ ಬರೆಯಬೇಕು. ‘ಪೊಲೀಸರು ಬಂದಾಗ ಹೀಗಿತ್ತು’ ಎಂಬುದನ್ನೂ ‘ಮನೆಯವರು ಹೀಗಿತ್ತೆಂದು ಹೇಳಿದರು’ ಎಂಬುದನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತಿಸುವುದು ಒಳ್ಳೆಯ ಅಭ್ಯಾಸ. ಬೆರೆತುಹೋದರೆ ವರ್ಷಗಳ ನಂತರ ಬಿಡಿಸಲಾಗದು.

ಮನೆ ಕಟ್ಟುವಾಗ ಮಾಡಿಸಿದ ನಕ್ಷೆ ಇದೆ. ಅದು ಸಾಲದೇ?

ಸಾಲದು. ಅದು ಕಟ್ಟಬೇಕೆಂದಿದ್ದ ಮನೆ. ಈಗ ಇರುವುದು ಕಟ್ಟಿದ, ಒಡೆದ, ಮುಚ್ಚಿದ, ಸೇರಿಸಿದ ಮನೆ. ಎರಡನ್ನೂ ಹೋಲಿಸಿ ನೋಡಿದಾಗಲೇ ಅದಕ್ಕೆ ಬೆಲೆ.

ಬಚ್ಚಿಟ್ಟ ಜಾಗ ಕಂಡುಹಿಡಿಯಲು ಸರಳವಾದ ಲೆಕ್ಕವೊಂದಿದೆ. ಮನೆಯ ಒಂದು ಬದಿಯನ್ನು ಹೊರಗಿನಿಂದ ಅಳೆದರೆ 12 ಮೀಟರ್ ಬಂತು ಎನ್ನಿ. ಆ ಸಾಲಿನ ಮೂರು ಕೋಣೆಗಳ ಒಳಗಿನ ಅಳತೆ 4.2, 3.1, 2.9: ಒಟ್ಟು 10.2. ಎರಡು ಹೊರಗೋಡೆ, ಎರಡು ನಡುಗೋಡೆಗಳ ದಪ್ಪಕ್ಕೆ 0.7 ಮೀಟರ್ ಕೊಟ್ಟರೂ ಆಗುವುದು 10.9. ಉಳಿದ 1.1 ಮೀಟರ್ ಎಲ್ಲಿ ಹೋಯಿತು? ಪೈಪುಗಳಿಗೆ ಬಿಟ್ಟ ಓಣಿಯಿರಬಹುದು, ಹಲಗೆ ಹೊಡೆದು ಮುಚ್ಚಿದ ಹಳೆಯ ಕಪಾಟಿರಬಹುದು. ನೋಡದೆ ಬಿಡುವಂತಿಲ್ಲ. ಎತ್ತರಕ್ಕೂ ಇದೇ ಲೆಕ್ಕ: ಸೂರಿನ ಕೆಳಗಿನ ಅಟ್ಟ, ನೆಲದ ಹಲಗೆಯಡಿಯ ಟೊಳ್ಳು, ಮೆಟ್ಟಿಲ ಕೆಳಗಿನ ತ್ರಿಕೋನ. ಬಚ್ಚಲಿನ ಕೊಳವೆಗಳ ಹಿಂದಿನ ಕಿಂಡಿ ಬಾಗಿಲು, ಮಲಗುಂಡಿಯ ಮುಚ್ಚಳ, ನೆಲದಡಿಯ ನೀರಿನ ತೊಟ್ಟಿ ಇವೂ ನಕ್ಷೆಯಲ್ಲಿ ಬರಲೇಬೇಕು.

ಬಾಗಿಲು, ಕಿಟಕಿಗಳಿಂದ ಏನು ತಿಳಿಯುತ್ತದೆ?

ಬಲವಂತದಿಂದ ತೆರೆದದ್ದೋ ಅಲ್ಲವೋ ಎಂಬುದು. ಚೌಕಟ್ಟಿನ ಮೇಲೆ ಮೀಟುಗೋಲಿನ ಗುರುತು, ಕಿತ್ತ ತಿರುಪು, ಕಿಟಕಿಯ ಅಡಿಪಟ್ಟಿಯ ಧೂಳು ಕದಡಿದೆಯೇ, ಹೊರಗಿನ ಮಣ್ಣಿನಲ್ಲಿ ಹೆಜ್ಜೆಯಿದೆಯೇ. ಜೇಡರ ಬಲೆ ಹರಿದಿಲ್ಲ, ಆದ್ದರಿಂದ ಅಲ್ಲಿಂದ ಯಾರೂ ದಾಟಿಲ್ಲ ಎನ್ನುವ ವಾದವನ್ನು ಆಗಾಗ ಕೇಳುತ್ತೇವೆ. ಜೇಡ ರಾತ್ರಿ ಬೆಳಗಾಗುವುದರೊಳಗೆ ಹೊಸ ಬಲೆ ನೇಯಬಲ್ಲದು. ಅದೊಂದನ್ನೇ ನಂಬಬೇಡಿ.

ಗಾಜು ಒಡೆದಿದ್ದರೆ ಯಾವ ಕಡೆಯಿಂದ ಎಂಬುದು ಮುಖ್ಯ. ಚೂರುಗಳು ಹೊರಗೆ ಬಿದ್ದಿವೆ, ಹಾಗಾಗಿ ಒಳಗಿನಿಂದ ಒಡೆದಿದ್ದಾರೆ ಎಂದು ತೀರ್ಮಾನಿಸುವುದು ಅವಸರ. ಹೊಡೆದವನ ಕಡೆಗೂ ಒಂದಷ್ಟು ಚೂರು ಹಾರುತ್ತವೆ. ತಜ್ಞರು ನೋಡುವುದು ಚೂರಿನ ಅಂಚನ್ನು. ಪೆಟ್ಟು ಬಿದ್ದ ಬಿಂದುವಿನಿಂದ ಸೂರ್ಯಕಿರಣಗಳಂತೆ ಹೊರಟ ಬಿರುಕುಗಳ ಅಂಚಿನಲ್ಲಿ ಬಾಗಿದ ಗೆರೆಗಳಿರುತ್ತವೆ; ಪೆಟ್ಟಿನ ವಿರುದ್ಧ ಮಗ್ಗುಲಿಗೆ ಅವು ಲಂಬಕೋನದಲ್ಲಿ ಸೇರುತ್ತವೆ. ಪುಡಿಪುಡಿಯಾಗುವ ಗಟ್ಟಿಗಾಜಿಗೆ ಈ ವಿಧಾನ ನಡೆಯದು.

ಬಲವಂತದ ಗುರುತು ಇಲ್ಲದಿದ್ದರೆ? ಬೀಗ ಹಾಕದ ಬಾಗಿಲು, ಕಳೆದುಹೋದ ಇನ್ನೊಂದು ಕೀಲಿಕೈ, ಮಗುವೇ ತೆರೆದ ಚಿಲಕ ಎಲ್ಲವೂ ಸಾಧ್ಯ. ‘ಒಳಗಿನವರ ಕೆಲಸ’ ಎಂಬುದು ಹಲವು ಸಾಧ್ಯತೆಗಳಲ್ಲಿ ಒಂದು ಮಾತ್ರ.

ಮಗು ಮಲಗುವ ಕೋಣೆ ಯಾವುದೆಂದು ಹೊರಗಿನವರಿಗೆ ಗೊತ್ತಿರಲು ಹೇಗೆ ಸಾಧ್ಯ?

ಈ ಪ್ರಶ್ನೆ ಒಂದು ಜೀವ ತೆಗೆದಿದೆ. 1932ರ ಮಾರ್ಚ್ 1ರ ರಾತ್ರಿ, ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗುವನ್ನು ನ್ಯೂಜೆರ್ಸಿಯ ಹೋಪ್‌ವೆಲ್ ಬಳಿಯ ಮನೆಯ ಮಹಡಿಯ ಕೋಣೆಯಿಂದ ಎತ್ತಿಕೊಂಡು ಹೋದರು. ಕೋಣೆಯ ಒಂದು ಕಿಟಕಿಯ ಹೊರಬಾಗಿಲು ಬಾಗಿಹೋಗಿ ಚಿಲಕ ಹಾಕಲು ಬರುತ್ತಿರಲಿಲ್ಲ. ಕೈಯಾರೆ ಮಾಡಿದ, ಮೂರು ತುಂಡುಗಳ ಏಣಿಯನ್ನು ಇಟ್ಟದ್ದು ಅದೇ ಕಡೆಗೆ. ಸಾಲದ್ದಕ್ಕೆ ಅಂದು ಮಂಗಳವಾರ. ಆ ಕುಟುಂಬ ವಾರದ ನಡುವೆ ಆ ಮನೆಯಲ್ಲಿ ಉಳಿಯುವ ರೂಢಿಯೇ ಇರಲಿಲ್ಲ. ಮನೆಯ ಒಳಗುಟ್ಟು ಬಲ್ಲವರೇ ಇರಬೇಕೆಂಬ ಅನುಮಾನ ಕೆಲಸದವರ ಮೇಲೆ ತಿರುಗಿತು. ಮಗುವಿನ ಅಜ್ಜಿಯ ಮನೆಯಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬಳನ್ನು ಮತ್ತೆ ಮತ್ತೆ ವಿಚಾರಿಸಿದರು. ಆ ಜೂನ್‌ನಲ್ಲಿ ಆಕೆ ವಿಷ ಕುಡಿದು ಸತ್ತಳು. ಆಕೆಗೂ ಅಪಹರಣಕ್ಕೂ ಸಂಬಂಧವಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಮುಂದೆ ವಿಚಾರಣೆಯಲ್ಲಿ ತೂಕ ಪಡೆದದ್ದು ಆ ಏಣಿಯ ಮರ. ಆರ್ಥರ್ ಕೋಹ್ಲರ್ ಎಂಬ ಮರತಜ್ಞರು ಏಣಿಯ ಒಂದು ಪಟ್ಟಿಯ ಮೊಳೆತೂತು, ಎಳೆಗಳನ್ನು ಆರೋಪಿಯ ಮನೆಯ ಅಟ್ಟದ ನೆಲದ ಹಲಗೆಗೆ ಹೊಂದಿಸಿ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಎಲ್ಲರೂ ಮಗುವಿನ ಮನೆಯನ್ನೇ ದಿಟ್ಟಿಸುತ್ತಿದ್ದಾಗ, ಬಾಯಿಬಿಟ್ಟದ್ದು ಬೇರೊಂದು ಮನೆಯ ಅಟ್ಟ.

ಇನ್ನು ಪ್ರಶ್ನೆಗೆ ನೇರ ಉತ್ತರ. ರಾತ್ರಿ ದೀಪ ಹಾಕಿದಾಗ ರಸ್ತೆಯಲ್ಲಿ ನಿಂತು ನಿಮ್ಮ ಮನೆಯನ್ನು ನೋಡಿ. ಬಣ್ಣದ ಪರದೆ, ಕಿಟಕಿಗೆ ಅಂಟಿಸಿದ ಚಿತ್ರ, ಮಲಗುವ ಹೊತ್ತಿಗೆ ಆರುವ ದೀಪ. ಮಗುವಿನ ಕೋಣೆ ಯಾವುದೆಂದು ಹತ್ತು ನಿಮಿಷದಲ್ಲಿ ಯಾರಿಗಾದರೂ ತಿಳಿಯುತ್ತದೆ.

ಪಕ್ಕದ ಕೋಣೆಯಲ್ಲಿದ್ದವರಿಗೆ ಸದ್ದೇ ಕೇಳಲಿಲ್ಲವೆಂದರೆ ನಂಬುವುದು ಹೇಗೆ?

ನಂಬುವುದೂ ಬೇಡ, ನಂಬದಿರುವುದೂ ಬೇಡ, ಪರೀಕ್ಷಿಸಬೇಕು. ಅದೇ ಹೊತ್ತಿಗೆ, ಅಂದು ಯಾವ ಬಾಗಿಲು ಮುಚ್ಚಿತ್ತೋ ಅದನ್ನು ಮುಚ್ಚಿ, ಯಾವ ಯಂತ್ರ ಓಡುತ್ತಿತ್ತೋ ಅದನ್ನು ಓಡಿಸಿ, ಒಬ್ಬರು ಮಗುವಿನ ತೂಕದ ಮೂಟೆ ಹೊತ್ತು ನಡೆಯಲಿ. ಇನ್ನೊಬ್ಬರು ಮಲಗುವ ಜಾಗದಲ್ಲಿ ಕೂತು ಕೇಳಿಸಿದ್ದನ್ನು ಬರೆಯಲಿ. ಕಣ್ಣಿಗೂ ಇದೇ ಪರೀಕ್ಷೆ: ಕೂತಿದ್ದ ಕುರ್ಚಿಯಿಂದ ಬಾಗಿಲು ಕಾಣುತ್ತದೆಯೇ, ನಡುವೆ ಕಂಬವೋ ಗಿಡವೋ ಅಡ್ಡ ಬರುತ್ತದೆಯೇ. ನಕ್ಷೆಯ ಮೇಲೆ ಎಳೆದ ನೇರ ಗೆರೆ ನೋಟವಲ್ಲ. ದೂರವೂ ಹಾಗೆಯೇ, ನಕ್ಷೆಯಲ್ಲಿ 50 ಮೀಟರ್ ಇದ್ದದ್ದು ನಡೆಯುವ ದಾರಿಯಲ್ಲಿ ಅದಕ್ಕಿಂತ ಬಹಳ ಹೆಚ್ಚಾಗಬಹುದು.

ಪರೀಕ್ಷೆ ಮಾಡುವವರು ಎಚ್ಚರವಾಗಿ, ಕಿವಿ ಕೊಟ್ಟು ಕೂತಿರುತ್ತಾರೆ. ಅಂದು ಮಲಗಿದ್ದವರು ಹಾಗಿರಲಿಲ್ಲ. ಇದನ್ನು ವರದಿಯಲ್ಲಿ ಬರೆಯದಿದ್ದರೆ ಅನ್ಯಾಯ.

ಮನೆಯವರ ಹೇಳಿಕೆ ನಕ್ಷೆಗೆ ಹೊಂದದಿದ್ದರೆ ಸುಳ್ಳು ಹೇಳುತ್ತಿದ್ದಾರೆ ಎಂದೇ?

ಆತಂಕದಲ್ಲಿರುವ ಮನುಷ್ಯನಿಗೆ ತಾನು ಯಾವ ಬಾಗಿಲಿನಿಂದ ಓಡಿದೆ ಎಂಬುದು ನೆನಪಿರುವುದಿಲ್ಲ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಮನೆಯೊಳಗೆ ನಡೆಸಿ, ‘ಆಗ ಎಲ್ಲಿ ನಿಂತಿದ್ದಿರಿ, ಏನು ಕಾಣುತ್ತಿತ್ತು’ ಎಂದಷ್ಟೇ ಕೇಳಬೇಕು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬಾರದು. ಖಾಲಿ ಹಾಳೆ ಕೊಟ್ಟು ಅವರಿಂದಲೇ ಚಿತ್ರ ಬರೆಸಿದರೆ ಮರೆತದ್ದು ನೆನಪಾಗುವುದುಂಟು. ಮನೆಯಲ್ಲಿರುವ ಇತರ ಮಕ್ಕಳನ್ನು ಆ ತರಬೇತಿ ಇರುವವರೇ ಮಾತಾಡಿಸಲಿ. ಸಣ್ಣ ಮಗು ಕೇಳಿದವರಿಗೆ ಬೇಕಾದ ಉತ್ತರ ಕೊಟ್ಟುಬಿಡುತ್ತದೆ.

ನಾಯಿ ಗುರುತು ತೋರಿಸಿದರೆ, ಲ್ಯೂಮಿನಾಲ್ ಹೊಳೆದರೆ ಮುಗಿಯಿತಲ್ಲವೇ?

ಇಲ್ಲ. ಲ್ಯೂಮಿನಾಲ್ ಎಂದರೆ ಕಣ್ಣಿಗೆ ಕಾಣದ ರಕ್ತದ ಕಲೆ ಹುಡುಕಲು ಸಿಂಪಡಿಸುವ ರಾಸಾಯನಿಕ. ಅದು ರಕ್ತದ ಹಿಮೋಗ್ಲೋಬಿನ್ನಿನಲ್ಲಿರುವ ಕಬ್ಬಿಣಾಂಶದ ಸಹಾಯದಿಂದ ನೀಲಿಯಾಗಿ ಹೊಳೆಯುತ್ತದೆ. ಬ್ಲೀಚ್, ತಾಮ್ರ ಇದ್ದರೂ ಹೊಳೆಯುತ್ತದೆ. ನಾಯಿ ಎಲ್ಲಿ ನೋಡಬೇಕೆಂದು ತೋರಿಸುತ್ತದೆ, ಏನಾಯಿತೆಂದು ಹೇಳುವುದಿಲ್ಲ. 2007ರ ಮೇ 3ರಂದು ಪೋರ್ಚುಗಲ್‌ನ ಪ್ರೈಯಾ ದ ಲೂಜ್‌ನಲ್ಲಿ ಪ್ರವಾಸಿಗರ ಅಪಾರ್ಟ್‌ಮೆಂಟಿನಿಂದ ಮಗುವೊಂದು ಕಾಣೆಯಾದಾಗ, ಪೊಲೀಸರು ಜಾಗ ಮುಚ್ಚುವ ಮೊದಲೇ ಹಲವರು ಒಳಗೆ ಓಡಾಡಿದ್ದರು. ತಿಂಗಳುಗಳ ನಂತರ ನಾಯಿಗಳು ಕೆಲವು ಕಡೆ ಗುರುತು ತೋರಿಸಿದವು. ಪ್ರಯೋಗಾಲಯದ ಫಲಿತಾಂಶ ಅದನ್ನು ದೃಢಪಡಿಸಲಿಲ್ಲ. 2008ರ ಜುಲೈನಲ್ಲಿ ತಂದೆ ತಾಯಿಯನ್ನು ಶಂಕಿತರ ಸ್ಥಾನದಿಂದ ಬಿಡಲಾಯಿತು. ಅಷ್ಟರಲ್ಲಿ ಜಗತ್ತಿನ ಅರ್ಧ ಜನ ತೀರ್ಪು ಕೊಟ್ಟಾಗಿತ್ತು.

ಸುದ್ದಿಯಲ್ಲಿ ಬಂದ ನಕ್ಷೆ ನೋಡಿ ನಾವೇ ವಿಶ್ಲೇಷಣೆ ಮಾಡಬಹುದೇ?

ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದನ್ನಿಟ್ಟುಕೊಂಡು ಒಬ್ಬರತ್ತ ಬೆರಳು ತೋರಿಸುವುದು ತಪ್ಪು, ಇದನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಪತ್ರಿಕೆಯ ನಕ್ಷೆಗೆ ಸಾಮಾನ್ಯವಾಗಿ ಅಳತೆಯಿರುವುದಿಲ್ಲ; ಚಿಲಕದ ಎತ್ತರ, ಬಾಗಿಲು ತೆರೆಯುವ ದಿಕ್ಕು, ಅಂದಿನ ಬೆಳಕು ಇರುವುದಿಲ್ಲ. ತನಿಖಾಧಿಕಾರಿಗಳು ಬೇಕೆಂದೇ ಹೊರಬಿಡದ ವಿವರಗಳೂ ಇರುತ್ತವೆ. ನಿಮಗೆ ಆ ಕಟ್ಟಡದ ಬಗ್ಗೆ ನಿಜಕ್ಕೂ ಏನಾದರೂ ಗೊತ್ತಿದ್ದರೆ, ಅಲ್ಲಿ ಹಿಂದೆ ಬಾಡಿಗೆಗಿದ್ದಿರಿ, ಅಲ್ಲಿನ ಪೈಪು ರಿಪೇರಿ ಮಾಡಿದ್ದಿರಿ ಎಂದಾದರೆ, ನೇರವಾಗಿ ಪೊಲೀಸರಿಗೆ ತಿಳಿಸಿ. ಅಂಥ ಮಾತು ಬಹಳ ಉಪಯೋಗಕ್ಕೆ ಬರುತ್ತದೆ.

ವೈಫೈ, ಕ್ಯಾಮೆರಾಗಳು ನಕ್ಷೆಯಲ್ಲಿ ಬರುತ್ತವೆಯೇ?

ಬರಬೇಕು. ಬಾಗಿಲ ಗಂಟೆಯ ಕ್ಯಾಮೆರಾ ಎಷ್ಟು ಜಾಗ ನೋಡುತ್ತದೆ, ಯಾವುದನ್ನು ನೋಡುವುದಿಲ್ಲ ಎಂಬುದನ್ನು ಬೀಸಣಿಗೆಯಂತೆ ಗುರುತಿಸುತ್ತಾರೆ. ಗಡಿಯಾರ ಸರಿಯಿದೆಯೇ ಎಂದು ಮೊದಲು ನೋಡಿ. ಹಳೆಯ ದೃಶ್ಯಗಳ ಮೇಲೆ ಹೊಸದು ಬರೆದುಕೊಳ್ಳುವ ಯಂತ್ರಗಳೇ ಹೆಚ್ಚು, ಹಾಗಾಗಿ ಮೊದಲ ದಿನವೇ ನಕಲು ತೆಗೆಯಬೇಕು. ನೆರೆಮನೆಯವರದ್ದನ್ನೂ.

ಪೊಲೀಸರು ಬರುವವರೆಗೆ, ಬಂದ ಮೇಲೆ ಮನೆಯವರು ಏನು ಮಾಡಬೇಕು?

ಹುಡುಕಿ, ಆದರೆ ಅಚ್ಚುಕಟ್ಟು ಮಾಡಬೇಡಿ. ಜನ ಬರುತ್ತಾರೆಂದು ಹಾಸಿಗೆ ಮಡಚುವುದು, ನೆಲ ಒರೆಸುವುದು, ಕಸ ಹೊರಗೆ ಹಾಕುವುದು ಬೇಡ. ಇಬ್ಬರು ತಾಗಿದರೆ ಇವರದು ಅವರಿಗೆ, ಅವರದು ಇವರಿಗೆ ಒಂದಿಷ್ಟು ಅಂಟಿಯೇ ಅಂಟುತ್ತದೆ ಎಂಬುದು 1910ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಅಪರಾಧ ಪ್ರಯೋಗಾಲಯ ತೆರೆದ ಎಡ್ಮಂಡ್ ಲೋಕಾರ್ ಅವರ ತತ್ವ. ನಿಮ್ಮ ಮನೆಗೆ ಬಂದು ಅಳುವ ಇಪ್ಪತ್ತು ಜನ ನೆಂಟರೂ ಅಂಟಿಸಿಯೇ ಹೋಗುತ್ತಾರೆ. ಅವರನ್ನು ನೆರೆಮನೆಯಲ್ಲಿ ಕೂರಿಸಿ. ಮಗುವಿನ ದಿಂಬಿನ ಚೀಲ, ಒಗೆಯದ ಬಟ್ಟೆ, ಹಲ್ಲುಜ್ಜುವ ಬ್ರಷ್, ಬಾಚಣಿಗೆ ಮುಟ್ಟದೆ ಬಿಡಿ. ವಾಸನೆಗೂ ಡಿಎನ್ಎಗೂ ಅವು ಬೇಕು. ಹುಡುಕುವಾಗ ನೀವು ತೆರೆದ ಬಾಗಿಲು, ಸರಿಸಿದ ಸಾಮಾನು, ಹಾಕಿದ ದೀಪ ಎಲ್ಲವನ್ನೂ ನೆನಪಿದ್ದಂತೆ ಬರೆದಿಡಿ.

ಮನೆಯನ್ನು ಮತ್ತೆ ಬಳಸುವುದು ಯಾವಾಗ?

ತನಿಖೆಯವರು ಲಿಖಿತವಾಗಿ ಬಿಟ್ಟುಕೊಟ್ಟ ಮೇಲೆ. ಗೋಡೆಗೆ ಬಣ್ಣ, ಹೊಸ ಬೀಗ, ಕಪಾಟು ಬದಲಾವಣೆ ಏನೇ ಮಾಡುವುದಿದ್ದರೂ ಮೊದಲು ಅವರಿಗೆ ತಿಳಿಸಿ, ಫೋಟೊ ತೆಗೆದು ದಿನಾಂಕ ಹಾಕಿಡಿ. ವರ್ಷಗಳ ನಂತರ ಹೊಸ ತಂಡ ಬಂದು ಅದೇ ಕೋಣೆಯನ್ನು ಅಳೆಯುವುದುಂಟು. ಮಗುವಿನ ಕೋಣೆಯನ್ನು ಹಾಗೇ ಇಟ್ಟುಕೊಳ್ಳಬೇಕೆನಿಸಿದರೆ ಇಟ್ಟುಕೊಳ್ಳಿ, ಬೇಡವೆನಿಸಿದರೆ ಬೇಡ. ಆ ವಿಷಯದಲ್ಲಿ ನಿಮಗೆ ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ.